ಬ್ಯಾನ್ಶೀ ಎಂಜಿನ್‌ಗೆ ಸ್ಟ್ರೋಕರ್: ಕ್ರ್ಯಾಂಕ್ ಕೊಳ್ಳುವ ಮೊದಲು

ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುದಿಬ್ಬಗಳ ಸವಾರರಿಗೆ ಯಮಹಾ ಬ್ಯಾನ್ಶೀ ಚಿರಪರಿಚಿತ ಎಟಿವಿ. ಅಮೆರಿಕದಲ್ಲಿ 1987ರಿಂದ 2006ರವರೆಗೆ ಮಾರಾಟವಾದ ಈ ಗಾಡಿಯದು ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್: ಬೋರ್ 64 ಮಿ.ಮೀ., ಸ್ಟ್ರೋಕ್ 54 ಮಿ.ಮೀ., ಒಟ್ಟು 347 ಸಿಸಿ. ನಮ್ಮಲ್ಲಿ ಎಸ್ಕಾರ್ಟ್ಸ್ 1980ರ ದಶಕದಲ್ಲಿ ತಯಾರಿಸಿದ ರಾಜದೂತ್ 350 ಬೈಕಿನದೂ ಇದೇ ಅಳತೆ. ಅದು ಗಾಳಿಗೆ ತಣಿಯುತ್ತಿತ್ತು, ಬ್ಯಾನ್ಶೀಗೆ ರೇಡಿಯೇಟರ್ ಇದೆ.

ಈ ಎಂಜಿನ್‌ಗೆ 4 ಮಿ.ಮೀ. ಸ್ಟ್ರೋಕರ್ ಕ್ರ್ಯಾಂಕ್ ಕೂರಿಸಿದರೆ ಸ್ಟ್ರೋಕ್ 58 ಮಿ.ಮೀ. ಆಗಿ, ಗಾತ್ರ ಸುಮಾರು 373 ಸಿಸಿಗೆ ಏರುತ್ತದೆ. ಹೆಚ್ಚಿದ್ದು 26 ಸಿಸಿ ಮಾತ್ರ. ನಿಜವಾದ ಬದಲಾವಣೆ ಬೇರೆಡೆ ಇದೆ. ಪಿಸ್ಟನ್ ಮೇಲಕ್ಕೆ 2, ಕೆಳಕ್ಕೆ 2 ಮಿ.ಮೀ. ಹೆಚ್ಚು ಚಲಿಸುವುದರಿಂದ ಪೋರ್ಟ್‌ಗಳು ತೆರೆದು ಮುಚ್ಚುವ ಸಮಯವೇ ಬದಲಾಗುತ್ತದೆ.

ಆದ್ದರಿಂದ ಗಾಡಿ ಎಲ್ಲಿ ಓಡುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಕಾಡುದಾರಿಗೋ, ದಿಬ್ಬ ಏರುವುದಕ್ಕೋ, ನೇರ ಡ್ರ್ಯಾಗ್ ಓಟಕ್ಕೋ? ಉಳಿದೆಲ್ಲ ಆಯ್ಕೆ ಇದರ ಮೇಲೆ ನಿಂತಿದೆ.

ಮೇಲಕ್ಕೆ ಬಂದ 2 ಮಿ.ಮೀ.ಗೆ ಜಾಗ ಮಾಡಲು ಮುಖ್ಯವಾಗಿ ಎರಡು ದಾರಿ. ಒಂದು, ಹೆಡ್‌ನ ಡೋಮನ್ನು ಲೇತಿನಲ್ಲಿ ಕೊರೆಸುವುದು. ಆಗ ಎಕ್ಸಾಸ್ಟ್ ಪೋರ್ಟ್ ತೆರೆಯುವ ಸಮಯ ಹೆಚ್ಚುಕಡಿಮೆ ಹಳೆಯದೇ ಉಳಿಯುತ್ತದೆ, ಟ್ರಾನ್ಸ್‌ಫರ್ ಪೋರ್ಟ್ ಮಾತ್ರ ಸ್ವಲ್ಪ ಬೇಗ ತೆರೆಯುತ್ತದೆ. ಎರಡನೆಯದು, ಸಿಲಿಂಡರಿನ ಅಡಿಗೆ 2 ಮಿ.ಮೀ. ಪ್ಲೇಟ್ ಇಡುವುದು. ಆಗ ಸಿಲಿಂಡರ್ ಇಡಿಯಾಗಿ ಮೇಲೇರಿ ಎಲ್ಲ ಪೋರ್ಟ್‌ಗಳೂ ಬೇಗ ತೆರೆಯುತ್ತವೆ. ಶಕ್ತಿ ಮೇಲಿನ ಆರ್‌ಪಿಎಂಗೆ ಸರಿಯುತ್ತದೆ. ಕಾಡುದಾರಿಯ ಸವಾರರಿಗೆ ಮೊದಲನೆಯದೇ ಸೂಕ್ತ. ಪ್ಲೇಟ್ ಇಟ್ಟರೆ ಕೆಳತುದಿಯಲ್ಲಿ ಪಿಸ್ಟನ್ ಪೋರ್ಟ್‌ಗಳ ತಳಕ್ಕಿಂತ 4 ಮಿ.ಮೀ. ಕೆಳಗಿಳಿಯುತ್ತದೆ, ಪೋರ್ಟಿಂಗ್ ಮಾಡುವವರಿಗೆ ಈ ವಿಷಯ ಮೊದಲೇ ತಿಳಿಸಬೇಕು. ಈಗಾಗಲೇ ಪೋರ್ಟ್ ಎತ್ತರಿಸಿದ ಸಿಲಿಂಡರಿಗೆ ಪ್ಲೇಟ್ ಸೇರಿಸುವುದಂತೂ ಅವಸರದ ಕೆಲಸ. ಡಿಗ್ರಿ ವೀಲ್ ಕಟ್ಟಿ ಅಳೆದ ಮೇಲೆಯೇ ನಿರ್ಧರಿಸಬೇಕು.

ಉದ್ದದ ಕನೆಕ್ಟಿಂಗ್ ರಾಡ್ ಹಾಕುವುದಾದರೆ ಅದಕ್ಕೆ ಹೊಂದುವ ಪಿಸ್ಟನ್ನೇ ಬೇಕು. ಒತ್ತಿ ಕೂಡಿಸಿದ ಕ್ರ್ಯಾಂಕ್ ತಿರುಚಿಕೊಳ್ಳದಂತೆ ಪಿನ್‌ಗಳಿಗೆ ವೆಲ್ಡ್ ಮಾಡಿಸಿದ್ದನ್ನು ಆರಿಸುವುದು ಒಳ್ಳೆಯದು.

ವೇಗದ ಲೆಕ್ಕವೂ ಬದಲಾಗುತ್ತದೆ. 9,000 ಆರ್‌ಪಿಎಂನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 16.2 ಮೀಟರ್ ಇದ್ದದ್ದು 17.4ಕ್ಕೆ ಏರುತ್ತದೆ. ಹಳೆಯ ವೇಗದಲ್ಲೇ ಇರಿಸಬೇಕೆಂದರೆ 8,400ರ ಆಸುಪಾಸಿನಲ್ಲಿ ನಿಲ್ಲಬೇಕು. ಸೈಲೆನ್ಸರ್ ಪೈಪನ್ನೂ ಇದಕ್ಕೆ ತಕ್ಕಂತೆ ಆರಿಸಬೇಕು.

ಎಂಜಿನ್ ಕೂಡಿಸಿದ ಮೇಲೆ ಮೊದಲು ಕೈಯಲ್ಲೇ ತಿರುಗಿಸಿ, ಎಲ್ಲೂ ತಾಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬಳಿಕ ಪ್ಲಗ್ ರಂಧ್ರದಿಂದ ಬೆಸುಗೆಯ ಸೀಸದ ತಂತಿಯನ್ನು ಸಿಲಿಂಡರ್ ಗೋಡೆ ಮುಟ್ಟುವಂತೆ ತೂರಿಸಿ, ಪಿಸ್ಟನ್ನನ್ನು ಮೇಲ್ತುದಿ ದಾಟಿಸಿದರೆ ಚಪ್ಪಟೆಯಾದ ತುದಿ ಸ್ಕ್ವಿಶ್ ಅಂತರವನ್ನು ಹೇಳುತ್ತದೆ. ಸಾಮಾನ್ಯವಾಗಿ 1ರಿಂದ 1.3 ಮಿ.ಮೀ. ಇಡುತ್ತಾರೆ. ಪಿಸ್ಟನ್ ಪಿನ್ನಿನ ಎರಡೂ ತುದಿಗಳ ನೇರಕ್ಕೆ, ಎರಡೂ ಸಿಲಿಂಡರುಗಳಲ್ಲಿ ಅಳೆಯಬೇಕು.

ಇಂಟೇಕ್, ಎಕ್ಸಾಸ್ಟ್ ಬಾಯಿಗಳನ್ನು ಮುಚ್ಚಿ 6 ಪಿಎಸ್‌ಐ ಗಾಳಿ ತುಂಬಿದರೆ ಅದು 6 ನಿಮಿಷ ನಿಲ್ಲಬೇಕು. ಇಳಿದರೆ ಸೀಲ್ ಸೋರುತ್ತಿದೆ ಎಂದರ್ಥ. ಅಲ್ಲಿ ನುಗ್ಗುವ ಹೊರಗಾಳಿ ಮಿಶ್ರಣವನ್ನು ತೆಳುವಾಗಿಸಿ ಪಿಸ್ಟನ್ನನ್ನೇ ಸುಡುತ್ತದೆ. ಅದನ್ನು ಸರಿಪಡಿಸದೆ ಸ್ಟಾರ್ಟ್ ಮಾಡಬೇಡಿ. ಮೊದಲ ಓಟಕ್ಕೆ ದೊಡ್ಡ ಮೇನ್ ಜೆಟ್ಟನ್ನೇ ಹಾಕಿ, ಪ್ಲಗ್ಗಿನ ಬಣ್ಣ ನೋಡುತ್ತಾ ಒಂದೊಂದೇ ಅಳತೆ ಇಳಿಸಿ.