ತಿರುಪಿನ ಹಲ್ಲಿಗೂ ಬ್ರಷ್ ಬೇಕು

ದವಡೆಗೆ ಟೈಟಾನಿಯಂ ತಿರುಪು ಕೂರಿಸಿ, ಅದರ ಮೇಲೆ ಹಲ್ಲುಸೆಟ್ಟು ಹಾಕಿಸಿಕೊಂಡವರು ಸಾಮಾನ್ಯವಾಗಿ ಮಾಡುವ ಎಡವಟ್ಟೆಂದರೆ, ‘ಲೋಹಕ್ಕೆಲ್ಲಿ ಹುಳುಕು?’ ಎಂದು ಉದಾಸೀನ ಮಾಡುವುದು. ಹುಳುಕು ಹಿಡಿಯದು, ನಿಜ. ಆದರೆ ಸುತ್ತಲಿನ ಒಸಡು ನಿಮ್ಮದೇ ಅಲ್ಲವೇ? ಅಲ್ಲಿ ಕೊಳೆ ಕೂತರೆ ಒಸಡು ಊದಿ, ರಕ್ತ ಬಂದು, ಒಳಗಿನ ಮೂಳೆ ಕರಗತೊಡಗುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ. ಗೊತ್ತಾಗುವ ಹೊತ್ತಿಗೆ ತಿರುಪು ಅಲ್ಲಾಡುತ್ತಿರುತ್ತದೆ.

ರಾತ್ರಿ ಸೆಟ್ಟು ತೆಗೆದು ಮಗುಚಿ ನೋಡಿ. ತಿರುಪಿನ ತಲೆಯ ಗುಂಡಿ ಕೂರುವ ಕುಳಿಯಲ್ಲಿ ಮಧ್ಯಾಹ್ನದ ಸೊಪ್ಪಿನ ನಾರೋ, ಚಕ್ಕುಲಿಯ ಎಳ್ಳೋ ಕೂತಿರುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಸೆಟ್ಟನ್ನೂ ಬಾಯೊಳಗಿನ ಗುಂಡಿಗಳ ಬುಡವನ್ನೂ ಉಜ್ಜಿ. ಸೆಟ್ಟಿಗೆ ಟೂತ್‌ಪೇಸ್ಟ್ ಬೇಡ, ಗೀರು ಬೀಳುತ್ತದೆ. ಕುದಿನೀರಂತೂ ಬೇಡವೇ ಬೇಡ, ಸೊಟ್ಟಗಾಗುತ್ತದೆ. ತಣ್ಣೀರಲ್ಲಿ ಮಲಗಿರಲಿ.

ಸೆಟ್ಟಿನ ಹಿಡಿತ ಸಡಿಲವಾಯಿತೇ? ಕುಳಿಯೊಳಗಿನ ನೈಲಾನ್ ಬಳೆ ಸವೆದಿರಬಹುದು, ಬದಲಿಸಿದರಾಯಿತು. ಅಂಟು ಹಚ್ಚಿಕೊಂಡು ದಿನ ದೂಡಬೇಡಿ.

ಇನ್ನು ಹಾಕಿಸಿಕೊಳ್ಳಲು ಹೊರಟವರಿಗೆ: ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು, ಮೂಳೆ ಸವೆತದ ಮಾತ್ರೆ, ಯಾವುದನ್ನೂ ಡಾಕ್ಟರಿಂದ ಮುಚ್ಚಿಡಬೇಡಿ. ಮೂಳೆ ತಿರುಪನ್ನು ಅಪ್ಪಿಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಬರುವ ತಿಂಗಳು ಮೊಮ್ಮಗಳ ಮದುವೆ ಇದೆಯೆಂದು ಅವಸರಪಡಿಸಬೇಡಿ. ಹೋಳಿಗೆ ಹಾಲಲ್ಲಿ ನೆನೆಸಿದರೆ ಬರಿ ಒಸಡಿಗೂ ಬಗ್ಗುತ್ತದೆ.