ಓವರ್‌ಟೈಮ್ ದರ ಇಳಿಸಿದ ಮಾಲೀಕರು

ಪ್ರಶ್ನೆ: ಶಿವಾಜಿನಗರದ ಬಟ್ಟೆ ಅಂಗಡಿಯಲ್ಲಿ ಮೂರು ವರ್ಷಗಳಿಂದ ಸೇಲ್ಸ್‌ಮನ್. ವಾರಕ್ಕೆ ಆರು ದಿನ, ಬೆಳಿಗ್ಗೆ 10ರಿಂದ ರಾತ್ರಿ 9ರವರೆಗೆ ಕೆಲಸ, ನಡುವೆ ಒಂದು ಗಂಟೆ ಬಿಡುವು. ಓವರ್‌ಟೈಮ್‌ಗೆ ಇನ್ನು ದುಪ್ಪಟ್ಟು ಇಲ್ಲ, ಮಾಮೂಲಿ ದರವೇ ಎಂದು ಮಾಲೀಕರು ವಾಟ್ಸ್ಆ್ಯಪ್‌ನಲ್ಲಿ ತಿಳಿಸಿದ್ದಾರೆ. ಒಪ್ಪಲೇಬೇಕೆ?

ಉತ್ತರ: ಬೇಕಿಲ್ಲ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ದಿನಕ್ಕೆ 9 ಅಥವಾ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಎರಡು ಪಟ್ಟು ವೇತನ ಕೊಡಬೇಕು. ಹೊಸ ದರಕ್ಕೆ ಒಪ್ಪಿ ನೀವು ಸಹಿ ಹಾಕಿದರೂ ಈ ಹಕ್ಕು ಹೋಗದು, ಆದರೂ ಹಾಕಬೇಡಿ. ಲೆಕ್ಕವನ್ನು ವಾರದ ಮೇಲೆ ಹಿಡಿಯಿರಿ: ಬಿಡುವು ಕಳೆದು ನಿಮ್ಮದು 60 ಗಂಟೆ, ಅಂದರೆ 12 ಗಂಟೆ ಓವರ್‌ಟೈಮ್. ಬಹಳಷ್ಟು ಮಂದಿ ದಿನದ ಒಂದು ಗಂಟೆಯನ್ನಷ್ಟೇ ಎಣಿಸಿ ನಷ್ಟ ಮಾಡಿಕೊಳ್ಳುತ್ತಾರೆ.

ಆ ಸಂದೇಶ, ಹಳೆಯ ಪೇ ಸ್ಲಿಪ್, ಹಾಜರಾತಿಯ ಫೋಟೊ ಜೋಪಾನವಾಗಿಡಿ. ಮಾಲೀಕರಿಗೆ ಲಿಖಿತವಾಗಿ ಆಕ್ಷೇಪ ಕೊಡಿ. ಸಹೋದ್ಯೋಗಿಗಳು ಜೊತೆಗೂಡಿದರೆ ಇನ್ನೂ ಒಳ್ಳೆಯದು. ಬಗ್ಗದಿದ್ದರೆ ನಿಮ್ಮ ವ್ಯಾಪ್ತಿಯ ಕಾರ್ಮಿಕ ನಿರೀಕ್ಷಕರಿಗೆ ದೂರು ಸಲ್ಲಿಸಿ. ಯಾರೆಂದು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಬಹುದು. ಆರು ತಿಂಗಳು ಮೀರಿ ದುಡಿದವರನ್ನು ಸಕಾರಣವಿಲ್ಲದೆ ತೆಗೆಯುವಂತಿಲ್ಲ. ಕೆಲಸ ಬಿಡಿಸುವ ಮಾತು ಬಂದರೆ, ಅಥವಾ ನಿಮ್ಮನ್ನು ಕಾಗದದಲ್ಲಿ ‘ಮ್ಯಾನೇಜರ್’ ಎಂದು ತೋರಿಸಿದ್ದರೆ, ತಡಮಾಡದೆ ಕಾರ್ಮಿಕ ವಕೀಲರನ್ನು ಕಾಣಿರಿ.