ಮಣ್ಣಿನ ಸಾಲ, ಮಣ್ಣಿನ ಮರುಪಾವತಿ

ಫಾಲ್ಗುಣ ಬಂತೆಂದರೆ ಪುಣೆಯ ರಸ್ತೆಬದಿಗಳಲ್ಲಿ ತರಗೆಲೆಯ ರಾಶಿ, ಅದಕ್ಕೆ ಯಾರೋ ಇಟ್ಟ ಬೆಂಕಿ, ಗಂಟಲನ್ನು ಬಾಧಿಸುವ ಹೊಗೆ. ಆ ಹೊಗೆಯೊಡನೆ ಎಲೆಯಲ್ಲಿದ್ದ ಸಾರಜನಕದ ಬಹುಭಾಗವೂ ಗಾಳಿಪಾಲಾಗುತ್ತದೆ. ಇದನ್ನು ಕಂಡು ಮರುಗಿದ ನಾನು ಒಮ್ಮೆ ಒಂದು ಚೀಲ ಮಾವಿನ ತರಗೆಲೆಯನ್ನು ತಂದು, ಪುಡಿಮಾಡಿ, ಗ್ಯಾಲರಿಯ ಕುಂಡದಲ್ಲಿದ್ದ ಕರಿಬೇವಿನ ಮಣ್ಣಿಗೆ ಬೆರೆಸಿದೆನು. ನಮ್ಮ ತಾಯಿಯವರು ಧಾರವಾಡದಿಂದ ತಂದುಕೊಟ್ಟಿದ್ದ ಗಿಡವದು. ತಿಂಗಳೊಳಗೆ ಹಳದಿಗಟ್ಟಿತು. ಉಣಬಡಿಸಿದ ಮೇಲೆ ಗಿಡ ಹಸಿಯುವುದೇಕೆ? ವಾಣಿಜ್ಯಶಾಸ್ತ್ರವನ್ನೋದಿದ ನನಗೆ ಹೊಳೆಯದೆ ಪುಸ್ತಕಗಳ ಮೊರೆಹೊಕ್ಕೆನು.

ಫಲವತ್ತಾದ ಮಣ್ಣಿನ ಒಂದು ಗ್ರಾಮಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ಶಿಲೀಂಧ್ರಗಳ ಎಳೆಗಳು ಬೇರೆ. ಉದುರಿದ ಎಲೆಯ ಸಾರಜನಕ, ರಂಜಕ, ಗಂಧಕಗಳು ಸಂಕೀರ್ಣ ವಸ್ತುಗಳಲ್ಲಿ ಬಂಧಿತವಾಗಿರುವುದರಿಂದ ಬೇರಿಗೆ ನೇರವಾಗಿ ದಕ್ಕಲಾರವು. ಈ ಜೀವಿಗಳು ಎಲೆಯನ್ನು ಕೊಳೆಯಿಸಿ ಸಾರಜನಕವನ್ನು ಅಮೋನಿಯವಾಗಿ ಬಿಡಿಸುತ್ತವೆ. ಅದನ್ನು ನೈಟ್ರೊಸೊಮೊನಾಸ್ ಮೊದಲಾದವು ನೈಟ್ರೈಟಾಗಿಯೂ, ನೈಟ್ರೊಬ್ಯಾಕ್ಟರ್ ಮುಂತಾದವು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಹೆಚ್ಚಿನ ಗಿಡಗಳಿಗೆ ಒಗ್ಗುವ ಆಹಾರ ಈ ನೈಟ್ರೇಟು.

ಆದರೆ ಸೂಕ್ಷ್ಮಜೀವಿಗೂ ಹೊಟ್ಟೆಯುಂಟು. ಅದರ ದೇಹದಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 8 ಪಾಲು ಇಂಗಾಲ. ಉಸಿರಾಟದ ಖರ್ಚು ಸೇರಿದರೆ ಆಹಾರದಲ್ಲಿ ಸುಮಾರು 25 ಪಾಲು ಇಂಗಾಲವಿದ್ದಾಗ ಲೆಕ್ಕ ಸರಿಹೋಗುತ್ತದೆ. ಒಣ ತರಗೆಲೆಯಲ್ಲಿ ಅದು 50ನ್ನೂ ಮೀರಬಹುದು. ಆಗ ಕೊರತೆಬಿದ್ದ ಸಾರಜನಕವನ್ನು ಅವು ಸುತ್ತಲಿನ ಮಣ್ಣಿನಿಂದಲೇ ಸೆಳೆದುಕೊಳ್ಳುತ್ತವೆ. ಬೇರಿಗಿಂತ ಅವುಗಳ ಕೈಯೇ ಮುಂದು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಇದು ಸಾಲ. ಇಂಗಾಲ ತೀರುತ್ತ ಬಂದು, ಅವು ಸತ್ತಾಗ ಅಥವಾ ಬೇರೆ ಜೀವಿಗಳಿಗೆ ಆಹಾರವಾದಾಗ, ಮರುಪಾವತಿ. ಸಾಲದ ಮುದ್ದತು ಮುಗಿಯುವ ಮೊದಲೇ ಗಿಡವನ್ನು ಜಾಮೀನಾಗಿ ನಿಲ್ಲಿಸಿದ್ದು ನನ್ನ ತಪ್ಪು.

ಈ ಮುದ್ದತನ್ನು ಗಿಡದಿಂದ ದೂರದಲ್ಲಿ ಕಳೆಯಿಸುವುದೇ ಕಾಂಪೋಸ್ಟ್. ಕೃಷಿಗ್ರಂಥಗಳಲ್ಲಿ ‘ಬೆಂಗಳೂರು ಪದ್ಧತಿ’ ಎಂದೇ ಹೆಸರಾದ ವಿಧಾನವೊಂದುಂಟು, ಸಿ. ಎನ್. ಆಚಾರ್ಯರು 1939ರಲ್ಲಿ ಬೆಂಗಳೂರಿನಲ್ಲಿ ರೂಪಿಸಿದುದು. ಪಟ್ಟಣದ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರಪದರವಾಗಿ ಹರಡಿ, ಮೇಲೆ ಕೆಸರು ಮೆತ್ತಿ, ಏಳೆಂಟು ತಿಂಗಳು ಕದಲಿಸದೆ ಬಿಡುವುದು. ಮಗುಚುವ ಕೂಲಿಯಿಲ್ಲ, ಸಾರಜನಕದ ನಷ್ಟವೂ ಕಡಿಮೆ. ಇಂಗಾಲ ಮಿಗಿಲಾದ ಕಸಕ್ಕೆ ಸಾರಜನಕ ಮಿಗಿಲಾದುದನ್ನು ಜೊತೆಗೂಡಿಸಿದ್ದೇ ಅದರ ಜಾಣತನವೆಂದು ನನ್ನೆಣಿಕೆ.

ಫ್ಲಾಟಿನಲ್ಲಿ ಗುಂಡಿ ತೋಡುವುದೆಲ್ಲಿ? ತೂತು ಕೊರೆದ ಹಳೆಯ ಡ್ರಮ್ಮು ಸಾಕು. ಎರಡು ಮೂರು ಪಾಲು ತರಗೆಲೆಗೆ ಒಂದು ಪಾಲು ತರಕಾರಿ ಸಿಪ್ಪೆ, ಒಂದು ಹಿಡಿ ತೋಟದ ಮಣ್ಣು, ಹಿಂಡಿದ ಬಟ್ಟೆಯಷ್ಟು ತೇವ. ನಾತ ಬಂದರೆ ಎಲೆ ಹೆಚ್ಚಿಸಬೇಕು. ಕಪ್ಪಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬಂದ ಮೇಲೆಯೇ ಕುಂಡಕ್ಕೆ. ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟುವುದು ಒಳಿತು. ಆ ಧೂಳು ಉಬ್ಬಸದವರಿಗೆ ಆಗದು.

ನನ್ನ ಕರಿಬೇವು ಶೇಂಗಾಹಿಂಡಿಯ ನೀರಿನಿಂದ ಹೇಗೋ ಬದುಕಿತು. ಆ ವರ್ಷ ಮಾತ್ರ ಒಗ್ಗರಣೆಗೆ ಮಂಡಯಿಯ ಸೊಪ್ಪೇ ಗತಿಯಾಯಿತು.